ಕುದುರೆ ಬೆದರಿತೇ? ಮೊದಲು ನಿಮ್ಮ ಉಸಿರು ಸರಿಮಾಡಿಕೊಳ್ಳಿ

ಮುಂಬೈಯ ಬೊರಿವಲಿಯಿಂದ ಮುಂಜಾನೆಯ ಸ್ಲೋ ಲೋಕಲ್ ಹಿಡಿದು ಮಹಾಲಕ್ಷ್ಮಿಗೆ ರೈಡಿಂಗ್ ಕಲಿಯಲು ಬರುತ್ತಿದ್ದೀರಾ? ಶಭಾಷ್! 1883ರ ರೇಸ್‌ಕೋರ್ಸ್, ಅದರೊಳಗೆ 1942ರ ಅಮೆಚೂರ್ ರೈಡರ್ಸ್ ಕ್ಲಬ್: ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಆದರೆ ಒಂದು ದಿನ ನಿಮ್ಮ ಕುದುರೆ ಬೆದರಿಯೇ ಬೆದರುತ್ತದೆ. ಆಗ ಹೀಗೆ ಮಾಡಿ.

1. ನೀವು ಮೊದಲು ತಣ್ಣಗಾಗಿ.
ಭುಜ ಸಡಿಲಿಸಿ. ಉಸಿರು ಉದ್ದಕ್ಕೆ ಬಿಡಿ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಸವಾರರಿಗೆ ‘ಈ ಸಲ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ’ ಎಂದು ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತ ಏರಿತು, ಏನೂ ತಿಳಿಯದ ಕುದುರೆಗಳದ್ದೂ ಏರಿತು! ‘ನನ್ನಿಂದ ಆಗುತ್ತದೋ ಇಲ್ಲವೋ’ ಎಂಬ ನಿಮ್ಮ ಅನುಮಾನ ಬರೀ ಒಂದು ಚಟ. ಅದನ್ನು ಲಾಯದ ಹೊರಗೇ ಬಿಟ್ಟು ಬನ್ನಿ.

2. ಭುಜದ ಕಡೆಯಿಂದ ಹೋಗಿ.
ಕುದುರೆಗೆ ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಬಾಲದ ಹಿಂದೆ ಮತ್ತು ಹಣೆಯ ನೇರ ಮುಂದೆ. ಮಾತನಾಡುತ್ತಲೇ ಹತ್ತಿರ ಹೋಗಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋದೀತು.

3. ತಟ್ಟಬೇಡಿ, ಕೆರೆಯಿರಿ.
ಕತ್ತು ಬೆನ್ನಿಗೆ ಸೇರುವಲ್ಲಿ ಒಂದು ಉಬ್ಬಿದೆಯಲ್ಲ, ಅಲ್ಲಿ ಬೆರಳಾಡಿಸಿ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದೂ ಅಲ್ಲೇ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆಂದು 1993ರಲ್ಲೇ ಅಳೆದು ತೋರಿಸಿದ್ದಾರೆ. ಸಿನಿಮಾ ಹೀರೋ ಥರ ಕತ್ತಿನ ಮೇಲೆ ಪಟಪಟ ಹೊಡೆಯುವುದು ನಿಮ್ಮ ಖುಷಿಗೆ, ಅದರ ಖುಷಿಗಲ್ಲ.

4. ಲಗಾಮು ಜಗ್ಗಿ ನಿಲ್ಲಿಸಬೇಡಿ.
ಓಡಿ ಪಾರಾಗುವುದೇ ಕುದುರೆಯ ಆತ್ಮರಕ್ಷಣೆ. ಕಟ್ಟಿಹಾಕಿದಷ್ಟೂ ಗಾಬರಿ ಹೆಚ್ಚು. ನಿಧಾನವಾಗಿ ವೃತ್ತದಲ್ಲಿ ನಡೆಸಿ, ಕಾಲಿಗೆ ಕೆಲಸ ಕೊಡಿ. ಸ್ವಲ್ಪ ತಣ್ಣಗಾದ ಕ್ಷಣವೇ ಲಗಾಮು ಸಡಿಲಿಸಿ. ಒತ್ತಡ ಹೋಗಿದ್ದೇ ಅದಕ್ಕೆ ಬಹುಮಾನ. ತಡಮಾಡಿದರೆ ಯಾವುದಕ್ಕೆ ಬಹುಮಾನ ಸಿಕ್ಕಿತೆಂದು ಅದಕ್ಕೆ ಗೊತ್ತಾಗದು.

5. ಭಯವನ್ನು ಕಂತಿನಲ್ಲಿ ಕೊಡಿ.
ಇದು ಇಡೀ ಪಟ್ಟಿಯ ಕಷ್ಟದ ಪಾಠ. ಅಲೆಕ್ಸಾಂಡರ್ ಹುಡುಗನಾಗಿದ್ದಾಗ ಯಾರೂ ಪಳಗಿಸಲಾಗದ ಬ್ಯುಸಿಫಲಸ್ ಎಂಬ ಕುದುರೆಯನ್ನು ಸೂರ್ಯನ ಕಡೆ ತಿರುಗಿಸಿ ನಿಲ್ಲಿಸಿದನಂತೆ. ಅದು ಹೆದರುತ್ತಿದ್ದುದು ತನ್ನ ನೆರಳಿಗೇ ಎಂದು ಅವನು ಗಮನಿಸಿದ್ದ ಎನ್ನುತ್ತಾನೆ ಪ್ಲುಟಾರ್ಕ್. ನೀವೂ ಕಾರಣ ಹುಡುಕಿ: ಹಾರುವ ಪ್ಲಾಸ್ಟಿಕ್ ಚೀಲವೇ, ಢೋಲ್-ತಾಶೆಯೇ, ನೀಲಿ ತಾಡಪತ್ರಿಯೇ? ಅದನ್ನು ದೂರದಿಂದ ತೋರಿಸಿ. ಕಿವಿ ಸಡಿಲವಾದ ಮೇಲೆ ಎರಡು ಹೆಜ್ಜೆ ಹತ್ತಿರ. ಮತ್ತೆ ಬೆದರಿತೇ? ಒಂದು ಹೆಜ್ಜೆ ಹಿಂದೆ, ನಾಚಿಕೆಯೇನಿಲ್ಲ. ಪೊಲೀಸ್ ಕುದುರೆಗಳನ್ನೂ ಗದ್ದಲಕ್ಕೆ ಹೀಗೇ ಒಗ್ಗಿಸುತ್ತಾರೆ. ಮುಂಬೈ ಪೊಲೀಸರ ಅಶ್ವದಳ 1932ರಲ್ಲಿ ನಿಂತುಹೋಗಿ 2020ರಲ್ಲಿ ಮತ್ತೆ ಬಂತು. ಈ ಊರಿನ ಹಾರ್ನ್‌ಗಳ ನಡುವೆ ಕುದುರೆಯನ್ನು ಅಲುಗದಂತೆ ನಿಲ್ಲಿಸುವುದೆಂದರೆ ತಮಾಷೆಯಲ್ಲ.

6. ನೋವಿದೆಯೇ ನೋಡಿ.
ನಿನ್ನೆ ಸರಿಯಿದ್ದದ್ದು ಇಂದು ಕುಣಿಯುತ್ತಿದ್ದರೆ ಜೀನು ಬಿಚ್ಚಿಸಿ, ಬೆನ್ನು ತಡವಿ. ಹೊಟ್ಟೆಯ ಕಡೆ ತಿರುಗಿ ನೋಡುತ್ತಾ ನೆಲ ಕೆರೆಯುತ್ತಿದ್ದರೆ ಹೊಟ್ಟೆಶೂಲೆ ಇರಬಹುದು. ತಕ್ಷಣ ವೆಟ್ ಕರೆಸಿ. ಇಲ್ಲಿ ಟೆಕ್ನಿಕ್ ತೋರಿಸಬೇಡಿ.

7. ಮಾಥೇರಾನಿನಲ್ಲಿ ರೀಲ್ಸ್ ಬೇಡ.
ಆ ಗಿರಿಧಾಮದೊಳಗೆ ಖಾಸಗಿ ಕಾರು-ಬೈಕು ಬಿಡುವುದಿಲ್ಲ, ಸರಿ. ಆದರೆ ಕೆಂಪು ಮಣ್ಣಿನ ಏರಿನಲ್ಲಿ ಸೆಲ್ಫಿ ಸ್ಟಿಕ್ ಆಡಿಸಿದರೆ ಕುದುರೆಗೆ ಅದೂ ಸ್ವೀಡನ್ನಿನ ಕೊಡೆಯೇ! ಜೊತೆ ನಡೆಯುವ ಕುದುರೆಗಾರ ಹೇಳಿದಂತೆ ಕೇಳಿ.

8. ಶಾಂತವಾಗಿರುವಾಗಲೇ ಇಳಿಯಿರಿ.
ತಲೆ ತಗ್ಗಿಸಿತು, ಬಾಯಿ ಚಪ್ಪರಿಸಿತು, ಹಿಂಗಾಲೊಂದನ್ನು ಸಡಿಲ ಬಿಟ್ಟಿತು: ಒತ್ತಡ ಇಳಿಯುತ್ತಿದೆ. ‘ಇನ್ನೊಂದೇ ರೌಂಡ್’ ಎನ್ನಬೇಡಿ. ಹತ್ತು ನಿಮಿಷ ಉಳಿಯಿತೇ? ಸ್ಟೇಷನ್ ಹೊರಗೆ ಕಟಿಂಗ್ ಚಹಾ ಕುಡಿದು ಆಫೀಸಿಗೆ ಹೋಗಿ.