ಗಿಟಾರ್ ನಿಮ್ಮದು, ಸೌಂಡೂ ನಿಮ್ಮದೇ: ದುರ್ಗದ ಸ್ಟೇಜ್ ಕಲಾವಿದರಿಗೆ 11 ಸೂತ್ರಗಳು

ಗಣಪತಿ ಪೆಂಡಾಲ್, ರಾಜ್ಯೋತ್ಸವ, ಜಾತ್ರೆಯ ರಸಮಂಜರಿ, ಕಾಲೇಜ್ ಡೇ, ಮದುವೆ ರಿಸೆಪ್ಷನ್. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹಾಡುವವರಿಗೆ ವೇದಿಕೆಗೇನೂ ಬರವಿಲ್ಲ. ಬರ ಇರುವುದು ತಯಾರಿಗೆ. ಮೂರು ತಿಂಗಳು ಪ್ರಾಕ್ಟೀಸ್ ಮಾಡಿದ ಹಾಡು ಮೂರೇ ನಿಮಿಷದಲ್ಲಿ ಹೌಲಿಂಗ್‌ಗೆ ಬಲಿಯಾಗುತ್ತದೆ. ಕಲಾವಿದ ಸೌಂಡ್‌ನವರ ಮುಖ ನೋಡುತ್ತಾನೆ, ಸೌಂಡ್‌ನವರು ಕಲಾವಿದನ ಮುಖ ನೋಡುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನ ಜನ ಎದ್ದಿರುತ್ತಾರೆ.

ಇದನ್ನು ತಪ್ಪಿಸುವುದು ನಿಮ್ಮ ಕೈಯಲ್ಲೇ ಇದೆ. ನಿಮ್ಮ ಸೌಂಡಿನ ಹೊಣೆಯನ್ನು ನೀವೇ ಹೊರಿ. ಅಕೂಸ್ಟಿಕ್ ಗಿಟಾರ್ ಹಿಡಿದು ಮುಂದೆ ಬರಬೇಕು ಎಂದು ಹಟ ತೊಟ್ಟವರಿಗೆ ಈ ಸೂತ್ರಗಳು.

1. "ನಮ್ಮೂರಲ್ಲಿ ಗಿಟಾರ್ ಯಾರು ಕೇಳ್ತಾರೆ?" ಎನ್ನುವುದನ್ನು ಇವತ್ತೇ ಬಿಡಿ.

ಅನುಮಾನ ಒಂದು ಚಟ. ಬೀಡಿ ಸಿಗರೇಟಿನ ಹಾಗೆ ಅದನ್ನೂ ಬಿಡಬಹುದು. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿದ ರಘು ದೀಕ್ಷಿತ್ ಅಕೂಸ್ಟಿಕ್ ಗಿಟಾರ್ ಜೊತೆ ಶಿಶುನಾಳ ಷರೀಫರ ಪದಗಳನ್ನು ಹಾಡಿದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಶೋಗೆ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಕನ್ನಡವನ್ನು ಕೊಂಡೊಯ್ದರು. ಇನ್ನು ನಮ್ಮ ದುರ್ಗಕ್ಕೆ ಸಂಗೀತಗಾರ ಹೊಸಬನೇ? ತರಾಸು ಅವರ 'ಹಂಸಗೀತೆ' ಕಾದಂಬರಿಯ ಭೈರವಿ ವೆಂಕಟಸುಬ್ಬಯ್ಯ ಇದೇ ನೆಲದವನು.

ಗಿಟಾರ್ ಪರದೇಶಿ ವಾದ್ಯ ಎನ್ನುವವರಿಗೆ ಇನ್ನೊಂದು ಮಾತು ಹೇಳಿ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದಾಗ, 1969ರ ಹೊತ್ತಿಗೆ ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಗಿಟಾರ್‌ಗಳಿಗೆ ಇಂಡಿಯನ್ ರೋಸ್‌ವುಡ್ ಬಳಸತೊಡಗಿತು. ಅದು ಬೇರೇನೂ ಅಲ್ಲ, ನಮ್ಮ ಪಕ್ಕದ ಮಲೆನಾಡಿನಲ್ಲೂ ಬೆಳೆಯುವ ಬೀಟೆ ಮರ. ಜಗತ್ತಿನ ಒಳ್ಳೊಳ್ಳೆಯ ಗಿಟಾರ್‌ಗಳ ಬೆನ್ನು ಆ ಬೀಟೆಯದು. ಸಂಕೋಚ ನಿಮಗೇಕೆ?

2. ಹೊಸ ಗಿಟಾರ್ ಕೊಳ್ಳುವ ಮೊದಲು ಇರುವುದನ್ನು ಸೆಟಪ್ ಮಾಡಿಸಿ.

ಹನ್ನೆರಡನೇ ಫ್ರೆಟ್ ಬಳಿ ತಂತಿಗೂ ಫ್ರೆಟ್‌ಗೂ ನಡುವಿನ ಅಂತರ ಅಳೆಯಿರಿ. ದಪ್ಪ ತಂತಿಗೆ ಸುಮಾರು 2.5 ಮಿ.ಮೀ., ಸಣ್ಣ ತಂತಿಗೆ 2 ಮಿ.ಮೀ. ಆಸುಪಾಸು ಇದ್ದರೆ ಬೆರಳಿಗೆ ಹಾಯ್ ಎನಿಸುತ್ತದೆ. ನಾಲ್ಕು ಮಿ.ಮೀ. ಇದ್ದರೆ ಬಾರೆ ಕಾರ್ಡ್ ಹಿಡಿಯಲು ಒದ್ದಾಡುವುದು ನಿಮ್ಮ ಕೈಯ ದೋಷವಲ್ಲ, ವಾದ್ಯದ್ದು. "ನನಗೆ ಗಿಟಾರ್ ಬರಲ್ಲ" ಎಂದು ಬಿಟ್ಟವರಲ್ಲಿ ಎಷ್ಟೋ ಜನ ಸೋತಿದ್ದು ಇದೇ ಎರಡು ಮಿಲಿಮೀಟರಿಗೆ. ಟ್ರಸ್ ರಾಡ್ ಅನ್ನು ನೀವೇ ತಿರುಗಿಸಲು ಹೋಗಬೇಡಿ, ತಿಳಿದವರ ಕೈಗೆ ಕೊಡಿ.

3. ದುರ್ಗದ ಬಿಸಿಲಿನಿಂದ ಗಿಟಾರ್ ಕಾಪಾಡಿ.

ಇದು ಬಯಲುಸೀಮೆ. ಮಾರ್ಚ್‌ನಿಂದ ಮೇವರೆಗೆ ಇಲ್ಲಿನ ಒಣಗಾಳಿ ಮರದ ಪಸೆಯನ್ನೆಲ್ಲ ಹೀರುತ್ತದೆ. ಅಕೂಸ್ಟಿಕ್ ಗಿಟಾರಿಗೆ ಹಿತವಾದದ್ದು 45ರಿಂದ 55 ಪರ್ಸೆಂಟ್ ತೇವಾಂಶ. ಅದಕ್ಕಿಂತ ಬಹಳ ಕಡಿಮೆಯಾದರೆ ಮರ ಕುಗ್ಗುತ್ತದೆ. ಮೊದಲ ಲಕ್ಷಣ ಕೈಗೇ ಸಿಗುತ್ತದೆ: ನೆಕ್ ಅಂಚಿನಲ್ಲಿ ಫ್ರೆಟ್‌ಗಳ ತುದಿ ಚುಚ್ಚತೊಡಗುತ್ತವೆ. ಆಮೇಲೆ ಮುಂಭಾಗದ ಹಲಗೆ ತಗ್ಗಿ ತಂತಿ ಝರ್ ಎನ್ನುತ್ತದೆ. ಕೊನೆಗೆ ಬಿರುಕು.

ಔಷಧ ಸುಲಭ. ಸೋಪ್ ಡಬ್ಬಿಗೆ ತೂತು ಕೊರೆಯಿರಿ, ಒಳಗೆ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜ್ ಇಡಿ, ಅದನ್ನು ಗಿಟಾರ್ ಕೇಸ್ ಒಳಗಿಟ್ಟು ಮುಚ್ಚಿ. ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮೀಟರ್ ಹಾಕಿ. ಸ್ಪಂಜಿನಿಂದ ನೀರು ತೊಟ್ಟಿಕ್ಕಬಾರದು, ನೆನಪಿರಲಿ. ಮಳೆಗಾಲದಲ್ಲಿ ಡಬ್ಬಿ ತೆಗೆದಿಡಿ.

ಗಿಟಾರನ್ನು ಗೋಡೆಗೆ ನೇತುಹಾಕಿ ಶೋಕೇಸ್ ಮಾಡಬೇಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಹತ್ತು ನಿಮಿಷವೂ ಬಿಡಬೇಡಿ. ಬಾಗಿಲು ಹಾಕಿದ ಕಾರಿನ ಒಳಗೆ ಅಂಟು ಮೆತ್ತಗಾಗುತ್ತದೆ. ಆರು ತಂತಿಗಳು ಸೇರಿ ಸುಮಾರು 70 ಕೆಜಿಯ ಬಲದಲ್ಲಿ ಬ್ರಿಡ್ಜನ್ನು ಎಳೆಯುತ್ತಲೇ ಇರುತ್ತವೆ. ಅಂಟು ಸೋತರೆ ಬ್ರಿಡ್ಜ್ ಎದ್ದೇಳುತ್ತದೆ. ಬೆಂಗಳೂರಿನಿಂದ ಬಸ್ಸಿನಲ್ಲಿ ತರುವಾಗ ಇಂಜಿನ್ ಪಕ್ಕ, ಡಿಕ್ಕಿ ಎರಡೂ ಬೇಡ. ಗಿಟಾರ್ ನಿಮ್ಮ ಮಡಿಲ ಹತ್ತಿರವೇ ಇರಲಿ, ತಂತಿಯನ್ನು ಅರ್ಧ ಸ್ವರ ಸಡಿಲಿಸಿರಿ.

4. ತಂತಿ ಹರಿಯುವವರೆಗೆ ಕಾಯಬೇಡಿ.

ದೊಡ್ಡ ಪ್ರೋಗ್ರಾಂ ಇದ್ದರೆ ಒಂದೆರಡು ದಿನ ಮುಂಚೆ ತಂತಿ ಬದಲಿಸಿ, ಕೈಯಿಂದ ಮೆಲ್ಲಗೆ ಎಳೆದೆಳೆದು ಟ್ಯೂನ್ ಮಾಡಿ. ಹೊಸ ತಂತಿ ಹಿಗ್ಗಿ ನಿಲ್ಲಲು ಸಮಯ ಬೇಕು. ನುಡಿಸಿದ ಮೇಲೆ ಒಣ ಕಾಟನ್ ಬಟ್ಟೆಯಿಂದ ಬೆವರು ಒರೆಸಿ. ಬ್ಯಾಗಿನಲ್ಲಿ ಇನ್ನೊಂದು ಸೆಟ್ ಇರಲೇಬೇಕು.

5. ಹಾರ್ಮೋನಿಯಂ ಏನು ಹೇಳುತ್ತದೋ ಅದೇ ಶ್ರುತಿ.

ನಮ್ಮ ವೇದಿಕೆಗಳಲ್ಲಿ ಗಿಟಾರ್ ಒಂಟಿಯಲ್ಲ. ವಚನ, ಭಾವಗೀತೆ, ರಂಗಗೀತೆ ಯಾವುದೇ ಇರಲಿ, ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ ಇದ್ದೇ ಇರುತ್ತವೆ. ಹಾರ್ಮೋನಿಯಂನ ರೀಡ್‌ಗಳನ್ನು ವೇದಿಕೆ ಮೇಲೆ ಬದಲಿಸಲು ಆಗುವುದಿಲ್ಲ, ನಿಮ್ಮ ತಂತಿಯನ್ನು ಬದಲಿಸಬಹುದು. ಟ್ಯೂನರ್ 440 ತೋರಿಸಿತು ಎಂದು ವಾದ ಮಾಡಬೇಡಿ. ಹಾರ್ಮೋನಿಯಂ ಸ್ವಲ್ಪ ಏರಿದ್ದರೆ ಟ್ಯೂನರ್‌ನ ಕ್ಯಾಲಿಬ್ರೇಶನ್ ಅನ್ನು 441, 442 ಎಂದು ಏರಿಸಿ ಅದಕ್ಕೆ ಹೊಂದಿಸಿಕೊಳ್ಳಿ.

ಶ್ರುತಿಯ ಭಾಷೆ ಕಲಿಯಿರಿ. "ಕಪ್ಪು ಒಂದು", "ಒಂದೂವರೆ" ಎಂದರೆ ಸಿ ಶಾರ್ಪ್: ಕ್ಯಾಪೊ ಮೊದಲ ಫ್ರೆಟ್‌ಗೆ, ಸಿ ಶೇಪ್. "ಕಪ್ಪು ನಾಲ್ಕು", "ಐದೂವರೆ" ಎಂದರೆ ಜಿ ಶಾರ್ಪ್: ಅದೇ ಮೊದಲ ಫ್ರೆಟ್, ಜಿ ಶೇಪ್. ಹಾಡುವ ಅಕ್ಕನವರು ಶ್ರುತಿ ಹೇಳಿದ ಕೂಡಲೇ ನಿಮ್ಮ ಕ್ಯಾಪೊ ಸರಿಯಾದ ಜಾಗದಲ್ಲಿ ಕೂತರೆ, ಮುಂದಿನ ಕಾರ್ಯಕ್ರಮಕ್ಕೂ ಅವರು ನಿಮ್ಮನ್ನೇ ಕರೆಯುತ್ತಾರೆ. ವಚನಗಳಿಗೆ ಡಿ-ಎ-ಡಿ-ಜಿ-ಎ-ಡಿ ಟ್ಯೂನಿಂಗ್ ಪ್ರಯತ್ನಿಸಿ. ಅದರಲ್ಲಿ ಗಾಂಧಾರವಿಲ್ಲ. ಹಾಗಾಗಿ ತಂಬೂರಿಯ ಹಾಗೆ ಹಾಡಿನ ಕೆಳಗೆ ಸುಮ್ಮನೆ ಹರಿಯುತ್ತದೆ, ರಾಗಕ್ಕೆ ಅಡ್ಡ ಬರುವುದಿಲ್ಲ.

6. ಮೊದಲ ದುಡ್ಡು ಡಿಐ ಬಾಕ್ಸ್‌ಗೆ.

ಇದು ನನ್ನ ಖಚಿತ ಅಭಿಪ್ರಾಯ. ಪೆಡಲ್, ಎಫೆಕ್ಟ್, ಬಣ್ಣದ ಗಿಟಾರ್ ಎಲ್ಲ ಆಮೇಲೆ. ಹೆಲಿಕಾಪ್ಟರ್ ತಯಾರಿಸುತ್ತಿದ್ದ ಅಮೆರಿಕದ ಚಾರ್ಲ್ಸ್ ಕಮಾನ್ ಅವರ ಒವೇಶನ್ ಕಂಪನಿಯ ಮೊದಲ ಗಿಟಾರ್ ಬಂದದ್ದು 1966ರಲ್ಲಿ. ಸ್ಯಾಡಲ್ ಕೆಳಗೆ ಪಿಯೆಜೊ ಪಿಕಪ್ ಕೂರಿಸುವ ಪದ್ಧತಿಯನ್ನು ಜನಪ್ರಿಯ ಮಾಡಿದವರು ಅವರೇ. ಅಂದಿನಿಂದ ಗಿಟಾರ್ ಮುಂದೆ ಮೈಕ್ ಇಟ್ಟು ಅಲುಗಾಡದೆ ಕೂರುವ ಕಷ್ಟ ತಪ್ಪಿತು. ಆದರೆ ಪಿಯೆಜೊ ಸಿಗ್ನಲ್ ದುರ್ಬಲ. ಉದ್ದನೆಯ ಸಾಮಾನ್ಯ ಕೇಬಲ್‌ನಲ್ಲಿ ಕಳಿಸಿದರೆ ಕೇಬಲ್ಲೇ ಆಂಟೆನಾ ಆಗಿ ಗುಂಯ್ ಎನ್ನುವ ಸದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ, ಮೇಲಿನ ಸ್ವರಗಳ ಹೊಳಪೂ ಹೋಗುತ್ತದೆ. ನಮ್ಮಲ್ಲಿ ಮಿಕ್ಸರ್ ಇರುವುದೋ ಜನರ ಹಿಂದೆ, ಎಷ್ಟೋ ಮೀಟರ್ ದೂರ.

ಡಿಐ ಬಾಕ್ಸ್ ಮಾಡುವ ಕೆಲಸ ಇಷ್ಟೇ: ಅದೇ ಸಿಗ್ನಲ್ಲನ್ನು ಎರಡು ತಂತಿಗಳಲ್ಲಿ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಿರುಗುಮುರುಗಾಗಿ ಕಳಿಸುತ್ತದೆ. ದಾರಿಯಲ್ಲಿ ಸೇರಿದ ಗಲಾಟೆ ಎರಡರಲ್ಲೂ ಒಂದೇ ಥರ ಇರುವುದರಿಂದ ಮಿಕ್ಸರ್ ತಲುಪಿದಾಗ ಒಂದನ್ನೊಂದು ಹೊಡೆದುಹಾಕುತ್ತದೆ. ಉಳಿಯುವುದು ಗಿಟಾರ್ ಮಾತ್ರ. ಗಿಟಾರಿನಲ್ಲೇ ಪ್ರಿಆಂಪ್ ಇದ್ದರೆ ಪ್ಯಾಸಿವ್ ಡಿಐ ಸಾಕು. ಬರೀ ಪಿಕಪ್ ಇದ್ದರೆ ಆಕ್ಟಿವ್ ಡಿಐ ಬೇಕು, ಅದಕ್ಕೆ ಮಿಕ್ಸರಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಹಾಕಿಸಿ. ಗಿಟಾರಿನಿಂದ ಡಿಐವರೆಗಿನ ಕೇಬಲ್ ಆರು ಮೀಟರ್ ಮೀರದಿರಲಿ.

"ಸೌಂಡ್‌ನವರ ಹತ್ತಿರ ಇರುತ್ತೆ ಬಿಡಿ" ಎನ್ನಬೇಡಿ. ಇರುವುದಿಲ್ಲ ಎಂದುಕೊಂಡೇ ಹೊರಡಿ.

7. ಹಾಡಿಲ್ಲದಾಗ ಕೇಬಲ್ ಕಿತ್ತಿಡಿ.

ಬಹುತೇಕ ಗಿಟಾರ್‌ಗಳಲ್ಲಿ ಜ್ಯಾಕ್ ಚುಚ್ಚಿದರೆ ಸಾಕು, ಒಳಗಿನ 9 ವೋಲ್ಟ್ ಬ್ಯಾಟರಿ ಖರ್ಚಾಗತೊಡಗುತ್ತದೆ. ರಾತ್ರಿಯಿಡೀ ಚುಚ್ಚಿಟ್ಟು, ಮರುದಿನ ವೇದಿಕೆ ಮೇಲೆ ಗೊರಗೊರ ಸದ್ದು ಕೇಳಿ ಕಂಗಾಲಾದವರನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಬ್ಯಾಟರಿ ಜೇಬಿನಲ್ಲಿರಲಿ. ಕೇಬಲ್ ಕೀಳುವ ಮುನ್ನ ಮಿಕ್ಸರ್ ಕಡೆ ಕೈ ತೋರಿಸಿ ಮ್ಯೂಟ್ ಮಾಡಿಸಿ.

8. ಹೌಲಿಂಗ್ ಬಂದರೆ ವಾಲ್ಯೂಮ್ ಏರಿಸುವ ಚಟ ಬಿಡಿ.

ಸ್ಪೀಕರಿನ ಸದ್ದು ಗಿಟಾರಿನ ಟೊಳ್ಳು ಹೊಟ್ಟೆಯನ್ನು ಅಲುಗಿಸುತ್ತದೆ. ಆ ಅಲುಗಾಟ ಮತ್ತೆ ಪಿಕಪ್‌ಗೆ, ಪಿಕಪ್‌ನಿಂದ ಮತ್ತೆ ಸ್ಪೀಕರಿಗೆ. ಈ ಸುತ್ತನ್ನು ಕಡಿಯಿರಿ. ರಬ್ಬರ್ ಸೌಂಡ್‌ಹೋಲ್ ಕವರ್ ಹಾಕಿ. ಪ್ರಿಆಂಪ್‌ನಲ್ಲಿ ಫೇಸ್ ಬಟನ್ ಇದ್ದರೆ ಒತ್ತಿ ನೋಡಿ. 100 ಹರ್ಟ್ಜ್ ಸುತ್ತಮುತ್ತ ಬಾಸ್ ಕಡಿಮೆ ಮಾಡಿಸಿ. ತಬಲಾದ ಡಗ್ಗಾ, ಕೀಬೋರ್ಡ್ ಇರುವಾಗ ಗಿಟಾರಿನ ಬಾಸ್ ಯಾರಿಗೂ ಬೇಕಿಲ್ಲ. ಹಾಡುವ ಮೈಕ್ ಎಸ್‌ಎಂ58 ಥರದ ಕಾರ್ಡಿಯಾಯ್ಡ್ ಆಗಿದ್ದರೆ, ಮಾನಿಟರ್ ಬಾಕ್ಸನ್ನು ಮೈಕಿನ ನೇರ ಹಿಂಬದಿಗೆ ಇಡಿಸಿ. ಆ ಮೈಕ್ ಅತಿ ಕಡಿಮೆ ಕೇಳಿಸಿಕೊಳ್ಳುವುದು ಬೆನ್ನ ಕಡೆಯಿಂದ.

9. ಕರೆಂಟ್ ವಿಷಯದಲ್ಲಿ ರಾಜಿ ಬೇಡವೇ ಬೇಡ.

ಕೈ ತಂತಿಯ ಮೇಲಿದೆ, ತುಟಿ ಮೈಕಿಗೆ ತಾಗುತ್ತದೆ, ಜುಮ್ ಎನ್ನುತ್ತದೆ. ಇದನ್ನು ನಕ್ಕು ಸುಮ್ಮನಾಗುವ ಕಲಾವಿದರಿದ್ದಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ, ಇದು ಜೀವದ ಪ್ರಶ್ನೆ. ನಿಮ್ಮ ಆಂಪ್ ಒಂದು ಕಡೆಯ ಪ್ಲಗ್‌ನಲ್ಲಿ, ಮಿಕ್ಸರ್ ಇನ್ನೊಂದು ಕಡೆಯ ಪ್ಲಗ್‌ನಲ್ಲಿ ಇದ್ದು, ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ ನಡುವಿನ ದಾರಿ ನೀವೇ ಆಗುತ್ತೀರಿ. ನಮ್ಮಲ್ಲಿ ಇನ್ನೊಂದು ಅಪಾಯವೂ ಇದೆ. ದೇವಸ್ಥಾನ, ಮಠದ ವೇದಿಕೆಗೆ ಚಪ್ಪಲಿ ಬಿಟ್ಟೇ ಹತ್ತುತ್ತೇವೆ. ಬರಿಗಾಲು, ಕೆಳಗೆ ಒದ್ದೆ ನೆಲ.

ಹೀಗೆ ಮಾಡಿ: ಎಲ್ಲ ಸಾಮಾನನ್ನೂ ಒಂದೇ ಬೋರ್ಡಿನಿಂದ ಚಾಲೂ ಮಾಡಿಸಿ. ಮೂರು ಪಿನ್ನಿನ ಪ್ಲಗ್ ಮುರಿದು ಎರಡು ಪಿನ್ ಮಾಡಿದ್ದರೆ ನುಡಿಸಲು ಒಪ್ಪಬೇಡಿ. ತುಟಿ ಹಚ್ಚುವ ಮೊದಲು ಮೈಕಿಗೆ ಟೆಸ್ಟರ್ ಹಚ್ಚಿ. ದೀಪ ಹತ್ತಿದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಏನನ್ನೂ ಮುಟ್ಟಬೇಡಿ. ಕಾಲ ಕೆಳಗೆ ಒಣ ರಬ್ಬರ್ ಮ್ಯಾಟ್ ಇರಲಿ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ ವೋಲ್ಟೇಜ್ ಏರಿಳಿಯುತ್ತದೆ. ಡಿಜಿಟಲ್ ಸಾಮಾನು ಇದ್ದರೆ ಸಣ್ಣ ಯುಪಿಎಸ್ ಒಯ್ಯಿರಿ. ಸಂಘಟಕರು ಅವಸರಿಸಿದರೂ ಈ ತಪಾಸಣೆಯ ಹತ್ತು ನಿಮಿಷ ಬಿಟ್ಟುಕೊಡಬೇಡಿ.

10. ಗಾಳಿಗೂ ಒಂದು ಪ್ಲಾನ್ ಇರಲಿ.

ದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ವಿಂಡ್‌ಮಿಲ್ ಸುಮ್ಮನೆ ನಿಂತಿಲ್ಲ. ಬಯಲು ವೇದಿಕೆಯಲ್ಲಿ ಅದೇ ಗಾಳಿ ಮೈಕಿಗೆ ಬಡಿದು ಬುಸ್ ಎನ್ನುತ್ತದೆ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ, ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಇಡಿ, ಹಾಡಿನ ಹಾಳೆಗೆ ಕ್ಲಿಪ್ ಹಾಕಿ. ಗಿಟಾರನ್ನು ಸ್ಟ್ಯಾಂಡ್ ಮೇಲೆ ಬಿಟ್ಟು ಕೆಳಗಿಳಿಯಬೇಡಿ.

11. ಸೌಂಡ್‌ನವರಿಗೆ ಮೊದಲೇ ಫೋನ್ ಮಾಡಿ.

ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟು ಜನ, ಯಾರು ಎಲ್ಲಿ ಕೂರುತ್ತಾರೆ, ಎಷ್ಟು ಮೈಕ್, ಗಿಟಾರಿಗೆ ಡಿಐ ನೀವೇ ತರುತ್ತೀರಿ. ಫೋಟೋ ತೆಗೆದು ಎರಡು ದಿನ ಮುಂಚೆ ವಾಟ್ಸಾಪ್ ಮಾಡಿ. ಸ್ಥಳಕ್ಕೆ ಹೋದೊಡನೆ "ಅಣ್ಣಾ" ಎಂದು ಹೆಸರು ಕೇಳಿ, ನೆನಪಿಟ್ಟುಕೊಳ್ಳಿ. ವೇದಿಕೆಯಿಂದ ಮೈಕ್‌ನಲ್ಲೇ ಅವರನ್ನು ಗದರುವುದು ಕೆಟ್ಟ ಚಾಳಿ. ಆ ರಾತ್ರಿ ನಿಮ್ಮ ದನಿ ಅವರ ಬೆರಳಲ್ಲಿದೆ.

ಸಮಯವೂ ನಿಮ್ಮ ಸಲಕರಣೆಯೇ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸರ್ಕಾರ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದಾದದ್ದು ವರ್ಷಕ್ಕೆ 15 ದಿನ ಮೀರದಂತೆ. ಇತ್ತ ಸನ್ಮಾನ, ಭಾಷಣ ಮುಗಿಯುವಾಗ ಒಂಬತ್ತೂವರೆ. ಒಂದು ಗಂಟೆಯ ನಿಮ್ಮ ಕಾರ್ಯಕ್ರಮ ಅರ್ಧ ಗಂಟೆಗೆ ಇಳಿದಿರುತ್ತದೆ. ಗೊಣಗಬೇಡಿ. 60, 40, 20 ನಿಮಿಷದ ಮೂರು ಪಟ್ಟಿ ಮಾಡಿಟ್ಟುಕೊಳ್ಳಿ, ಅತ್ಯುತ್ತಮ ಹಾಡನ್ನು ಎರಡನೆಯದಾಗಿ ಇಡಿ. ಮೊದಲ ಹಾಡು ಸೌಂಡ್ ಸರಿಹೋಗುವುದಕ್ಕೇ ಬೇಕು.

ಶಿಸ್ತು ಹೇಗಿರುತ್ತದೆ ಎಂದು ಕಣ್ಣಾರೆ ನೋಡಬೇಕೆ? ದೂರ ಹೋಗಬೇಡಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಶುರುವಾದ ಶಿವಸಂಚಾರ ತಂಡ ನಾಟಕಗಳನ್ನು ಕಟ್ಟಿ ಕರ್ನಾಟಕದ ಊರೂರು ಸುತ್ತುತ್ತದೆ. ಇವತ್ತು ಕಟ್ಟಿದ ರಂಗಸಜ್ಜಿಕೆಯನ್ನು ರಾತ್ರಿಯೇ ಬಿಚ್ಚಿ, ನಾಳೆ ಇನ್ನೊಂದು ಊರಿನಲ್ಲಿ ಕಟ್ಟುವ ಬದುಕು ಅದು. ನವೆಂಬರಿನ ನಾಟಕೋತ್ಸವಕ್ಕೆ ಹೋಗಿ. ಪ್ರದರ್ಶನಕ್ಕೆ ಎರಡು ಗಂಟೆ ಮುಂಚೆಯೇ ತಲುಪಿ, ವೇದಿಕೆಯಲ್ಲಿ ಯಾರು ಏನು ಮಾಡುತ್ತಾರೆ ನೋಡಿ, ನೋಟ್ಸ್ ಮಾಡಿಕೊಳ್ಳಿ.

ಅದಕ್ಕೂ ಮೊದಲು ಇವತ್ತು ಸಂಜೆಯೇ ಗಿಟಾರ್ ಬ್ಯಾಗ್ ಬಿಚ್ಚಿ. ಬ್ಯಾಟರಿ, ಕ್ಯಾಪೊ, ಟ್ಯೂನರ್, ಎರಡು ಕೇಬಲ್, ಒಂದು ಸೆಟ್ ತಂತಿ, ಟೆಸ್ಟರ್, ಡಿಐ ಬಾಕ್ಸ್ ಎಂದು ಚೀಟಿ ಬರೆದು ಬ್ಯಾಗಿಗೆ ಅಂಟಿಸಿ. ಏನಿಲ್ಲವೋ ಅದನ್ನು ಮುಂದಿನ ಗಣಪತಿ ಹಬ್ಬದೊಳಗೆ ಕೊಂಡುಬಿಡಿ.