‘ಇಳಿಸಿ’ ಎನ್ನುವ ಮೊದಲು

ಹಿಂಡಲಗಾ ಜೈಲಿನಲ್ಲಿ ಆರು ತಿಂಗಳು ಕೂತು ಬಂದರೆ ಸಾಲವೇ ಹರಿದುಹೋಗುತ್ತದೆ ಎಂದು ಖಾನಾಪುರದ ಚಹಾದಂಗಡಿಯಲ್ಲಿ ಗೆಳೆಯನೊಬ್ಬ ಹೇಳಿದಾಗ, ನನಗೆ ಸಮಾಧಾನವೇ ಆಗಿತ್ತು.

ನನ್ನದು ಇಟ್ಟಿಗೆ ಭಟ್ಟಿ. ಬೆಳಗಾವಿಯ ವ್ಯಾಪಾರಿಯೊಬ್ಬರಿಂದ ಕಲ್ಲಿದ್ದಲು ಉದ್ರಿ ತಂದಿದ್ದೆ. ಆ ವರ್ಷ ಅಡ್ಡಮಳೆಗೆ ಹಸಿ ಇಟ್ಟಿಗೆಯೆಲ್ಲ ಕರಗಿ ಮತ್ತೆ ಮಣ್ಣಾಯಿತು. ಕೊಟ್ಟಿದ್ದ 4 ಲಕ್ಷದ ಚೆಕ್ ಬೌನ್ಸ್ ಆಯಿತು. ನೋಟಿಸ್ ಕೈಸೇರಿದ 15 ದಿನದೊಳಗೆ ಹಣ ಕೊಟ್ಟಿದ್ದರೆ ಕೇಸೇ ಹುಟ್ಟುತ್ತಿರಲಿಲ್ಲ. ನಾನು ಅದನ್ನು ಕಪಾಟಿನ ಮೇಲಿಟ್ಟು ಸುಮ್ಮನಾದೆ. ಅವರ ಬ್ಯಾಂಕ್ ಖಾತೆ ಬೆಳಗಾವಿಯಲ್ಲಿದ್ದುದರಿಂದ ಕೇಸೂ ಅಲ್ಲೇ ನಡೆಯಿತು. ‘ಸಾಲವೇ ಇಲ್ಲ, ಚೆಕ್ ಕಳೆದುಹೋಗಿತ್ತು’ ಎಂದು ಹೇಳಿಕೆ ಕೊಟ್ಟೆ. ಯಾರೋ ಹೇಳಿಕೊಟ್ಟ ಸುಳ್ಳು.

ತೀರ್ಪು ಬಂತು: 6 ಲಕ್ಷ ದಂಡ, ಅದರಲ್ಲಿ 5 ಲಕ್ಷ 90 ಸಾವಿರ ವ್ಯಾಪಾರಿಗೆ ಪರಿಹಾರ, ಕಟ್ಟದಿದ್ದರೆ ಆರು ತಿಂಗಳು ಸಾದಾ ಸಜೆ. ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೂ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ.

ಚಹಾದಂಗಡಿಯ ಲೆಕ್ಕವನ್ನು ಹೊಸ ವಕೀಲರ ಮುಂದಿಟ್ಟೆ. “ಯಾರ್ ಹೇಳ್ಯಾರ್ರೀ ನಿಮಗ? ಜೈಲೂ ಆಗ್ತದ, ರೊಕ್ಕಾನೂ ತಲಿ ಮ್ಯಾಲ ಉಳೀತದ” ಎಂದರು. ಸಜೆ ಅನುಭವಿಸಿದ ಮೇಲೂ ಪರಿಹಾರ ವಸೂಲಿ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ, ಕುಮಾರನ್ ಪ್ರಕರಣದಲ್ಲಿ, ಹೇಳಿದೆಯಂತೆ.

30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು ಹೋದೆವು. 2018ರ ತಿದ್ದುಪಡಿಯ ಪ್ರಕಾರ ಶೇ. 20ರಷ್ಟು, ಅಂದರೆ 1 ಲಕ್ಷ 20 ಸಾವಿರ, 60 ದಿನದಲ್ಲಿ ಠೇವಣಿ ಇಡಬೇಕೆಂದು ಆದೇಶವಾಯಿತು. ಟ್ರ್ಯಾಕ್ಟರ್ ಮಾರಿದೆ.

ಅಪೀಲಿನಲ್ಲಿ ಮಗಳ ಮದುವೆ, ತಾಯಿಯ ಕಾಯಿಲೆ ಎಲ್ಲ ಬರೆಸಬೇಕೆಂದಿದ್ದೆ. ವಕೀಲರು ಕೈ ಅಡ್ಡ ಹಿಡಿದರು. ಪರಿಹಾರ ನ್ಯಾಯವಾಗಿರಬೇಕು, ಕೊಡುವವನ ತಾಕತ್ತನ್ನೂ ನೋಡಬೇಕು ಎಂದು 1988ರ ಹರಿಸಿಂಗ್ ತೀರ್ಪಿನಲ್ಲಿದೆ. ಆದರೆ ತಾಕತ್ತಿಗೂ ಕಾಗದ ಬೇಕು. “ಎಷ್ಟು ಕೊಟ್ಟೀರಿ, ಅದನ್ನ ಮೊದಲ ತೋರಸ್ರಿ” ಎಂದರು.

ಕೇಸು ನಡೆಯುತ್ತಿದ್ದಾಗಲೇ, ವ್ಯಾಪಾರಿಯ ಮನಸ್ಸು ಕರಗಲೆಂದು, 1 ಲಕ್ಷ 40 ಸಾವಿರ ಕೊಟ್ಟಿದ್ದೆ. 90 ಸಾವಿರ ಖಾತೆಯಿಂದ ಖಾತೆಗೆ, 50 ಸಾವಿರ ಕೈಯಿಂದ ಕೈಗೆ. ಅದನ್ನು ಹೇಳಲು ಹೋದಾಗ ನನ್ನದೇ ಹೇಳಿಕೆ ಅಡ್ಡ ಬಂತು. ಸಾಲವೇ ಇಲ್ಲದಿದ್ದರೆ ಕೊಟ್ಟದ್ದು ಯಾತಕ್ಕೆ? ಕೊಟ್ಟದ್ದು ಹೌದಾದರೆ ಸಾಲವೂ ಹೌದು. ಕೊನೆಗೆ ‘ಸಾಲ ಒಪ್ಪುತ್ತೇನೆ, ಮೊತ್ತವಷ್ಟೇ ಇಳಿಸಿ’ ಎಂದು ಕೇಳಿಕೊಂಡೆವು.

ಶಿಕ್ಷೆ ಕಾಯಂ ಆಯಿತು. ದಂಡ 5 ಲಕ್ಷ 10 ಸಾವಿರಕ್ಕೆ ಇಳಿಯಿತು. ಇಳಿದದ್ದು ಸರಿಯಾಗಿ 90 ಸಾವಿರ, ಪಾಸ್‌ಬುಕ್ಕಿನಲ್ಲಿ ಕಂಡಷ್ಟೇ.

ನನ್ನ ಹಾಗೆ ಸಿಕ್ಕಿಕೊಂಡವರಿಗೆ ಇಷ್ಟು ಹೇಳಬಲ್ಲೆ: 30 ದಿನ ಮೀರಬೇಡಿ, ಠೇವಣಿಯ ಹಣವನ್ನು ಮೊದಲೇ ಹೊಂದಿಸಿಕೊಳ್ಳಿ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಯಾವ ಹಂತದಲ್ಲಾದರೂ ರಾಜಿಗೆ ಬಾಗಿಲು ತೆರೆದಿರುತ್ತದೆ. ತಡವಾದಷ್ಟೂ ಅದರ ಖರ್ಚು ಏರುತ್ತದೆ.

ಬಾಕಿಯೆಲ್ಲ ತೀರಿದ ದಿನ ವ್ಯಾಪಾರಿಯೇ ಚಹಾ ತರಿಸಿದರು. “ಆ 50 ಸಾವಿರ ನನಗ ನೆನಪದರೀ” ಎಂದರು. “ಆದ್ರ ನಿಮ್ಮ ವಕೀಲರು ಪಾಟಿ ಸವಾಲಿನ್ಯಾಗ ಅದನ್ನ ಕೇಳಲೇ ಇಲ್ಲ.”

ಹೇಗೆ ಕೇಳಿಯಾರು? ಸಾಲವೇ ಇಲ್ಲ ಎಂದವನು ನಾನು.