ಮಧುಚಂದ್ರದ ಮಧ್ಯಾಹ್ನಗಳು

ಇಟಲಿಗೆ ಮಧುಚಂದ್ರಕ್ಕೆಂದು ಹೊರಡುವ ದಂಪತಿಗಳು ಸಾಮಾನ್ಯವಾಗಿ ಮೊದಲು ಊರುಗಳ ಹೆಸರನ್ನು ಬರೆದುಕೊಂಡು, ತರುವಾಯ ಆ ಹೆಸರುಗಳಿಗೆ ತಕ್ಕಂತೆ ಹಣವನ್ನು ಹೊಂದಿಸಲು ತೊಡಗುತ್ತಾರೆ. ರೋಮ್, ಫ್ಲಾರೆನ್ಸ್, ವೆನಿಸ್ ಎಂಬ ತ್ರಿಮೂರ್ತಿಗಳು ಆ ಪಟ್ಟಿಯಲ್ಲಿ ಚರ್ಚೆಯಿಲ್ಲದೆ ಆಸೀನರಾಗುತ್ತಾರೆ, ಮಿಕ್ಕುದೆಲ್ಲ ಪರಿವಾರ. ಬೇಸಗೆಯ ಪ್ರಯಾಣಕ್ಕೆ ಈ ಕ್ರಮ ಸಲ್ಲದೆಂಬುದು ನನ್ನ ಅಭಿಪ್ರಾಯ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಆ ದೇಶದ ನಗರಗಳ ಬೀದಿಗಳಲ್ಲಿ ನಡುಹಗಲ ಒಂದು ಗಂಟೆಯಿಂದ ಸಂಜೆ ಐದರವರೆಗೆ ಸುಖವಾಗಿ ನಿಲ್ಲುವುದು ಕಷ್ಟ. ಆ ನಾಲ್ಕು ಗಂಟೆಗಳನ್ನು ಎಲ್ಲಿ, ಯಾವ ಬೆಲೆಗೆ ಕಳೆಯುವೆವೆಂಬುದನ್ನು ನಿಶ್ಚಯಿಸಿಕೊಂಡವರಿಗೆ ಊರಿನ ಆಯ್ಕೆ ಅರ್ಧ ಮುಗಿದಂತೆಯೇ. ನಿಶ್ಚಯಿಸಿಕೊಳ್ಳದವರು ಅದೇ ಹೊತ್ತನ್ನು ಬಿಸಿಲಿನ ಸಾಲಿನಲ್ಲಿ ನಿಂತೋ, ನೆರಳಿನ ಆಸೆಗೆ ಬೇಡದ ಹೋಟೆಲಿಗೆ ನುಗ್ಗಿಯೋ, ಪರಸ್ಪರ ಮುನಿಸಿಕೊಂಡೋ ಕಳೆದು, ಅದಕ್ಕೂ ಹಣ ತೆತ್ತು ಬರುತ್ತಾರೆ.

ನಮ್ಮ ವಿವಾಹ ಜ್ಯೇಷ್ಠದಲ್ಲಿ ನಡೆಯಿತು. ಅದರ ಬೆನ್ನಿಗೇ ಆಷಾಢ ಬಂದುದರಿಂದ, ಅತ್ತೆ ಸೊಸೆಯರು ಆ ಮಾಸದಲ್ಲಿ ಒಂದೇ ಸೂರಿನಡಿ ಇರಬಾರದೆಂಬ ಹಿರಿಯರ ಮಾತಿಗೆ ಮಣಿದು ನನ್ನಾಕೆ ತವರಿಗೆ ತೆರಳಿದಳು. “ಒಂದು ತಿಂಗಳು ತಾನೆ, ಕಣ್ಣುಮುಚ್ಚಿ ಬಿಡೋದ್ರೊಳಗೆ ಕಳೆದುಹೋಗುತ್ತೆ ಬಿಡಿ ಅಳಿಯಂದಿರೇ” ಎಂದು ನನ್ನ ಅತ್ತೆಯವರು ಸಮಾಧಾನ ಹೇಳಿದರು. ಕಳೆದುಹೋಗಲಿಲ್ಲ. ಆದರೂ ಕಾಳಿದಾಸನ ಯಕ್ಷನು ಮೋಡವನ್ನು ನೋಡಿ ನಿಟ್ಟುಸಿರುಬಿಟ್ಟ ಮಾಸದಲ್ಲಿ ನಾವು ಯೂರೋವಿನ ದರವನ್ನು ನೋಡಿ ನಿಟ್ಟುಸಿರುಬಿಡುತ್ತ, ರಾತ್ರಿಯ ಫೋನಿನ ಮಾತುಗಳಲ್ಲೇ ಪ್ರಯಾಣದ ಲೆಕ್ಕವನ್ನು ತಯಾರಿಸಿದೆವು. ಮುಯ್ಯಿಯ ಹಣವನ್ನು ಮುಟ್ಟಕೂಡದೆಂಬ ನಿರ್ಬಂಧ ನನ್ನಾಕೆಯದು. ಮುಯ್ಯಿ ಆದಾಯವಲ್ಲ, ಬಡ್ಡಿಯಿಲ್ಲದ ಸಾಲ. ಮುಯ್ಯಿಯ ಪುಸ್ತಕದಲ್ಲಿ ಬರೆದಿರುವ ಒಂದೊಂದು ಹೆಸರಿನ ಮನೆಯಿಂದಲೂ ಮುಂದೆ ಲಗ್ನಪತ್ರಿಕೆ ಬರತಕ್ಕದ್ದೇ ಎಂಬ ಆಕೆಯ ವಾದಕ್ಕೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ. ಕಂತಿನ ಸಾಲದಿಂದ ಮಧುಚಂದ್ರಕ್ಕೆ ಹೋಗುವ ಪದ್ಧತಿಯೂ ಈಗ ಬಂದಿದೆಯಷ್ಟೆ; ಚೊಚ್ಚಲ ಬಾಣಂತನದ ಖರ್ಚೂ ಮಧುಚಂದ್ರದ ಕಂತೂ ಒಂದೇ ತಿಂಗಳಲ್ಲಿ ಬಂದು ಎದುರು ನಿಲ್ಲುವ ಸಂಭವವನ್ನು ಅಂಥವರು ಯೋಚಿಸಿದಂತಿಲ್ಲ.

ವೀಸಾ ವಿಚಾರವಾಗಿ ಸಂಕ್ಷೇಪವಾಗಿ ಹೇಳಿಬಿಡುವೆನು. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ತಲೆಗೆ 90 ಯೂರೋ. ಅರ್ಜಿ ತಿರಸ್ಕೃತವಾದರೂ ಅದು ಹಿಂದಿರುಗದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಆರು ತಿಂಗಳು ಮುಂಚಿತವಾಗಿಯೇ ಅರ್ಜಿ ಹಾಕಲು ಅವಕಾಶವಿರುವುದರಿಂದ ಮದುವೆಯ ಓಲಗದ ನಡುವೆ ಅದನ್ನು ನೆನೆಯುವುದು ಅನವಶ್ಯಕ. ವಧುವಿನ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸುವ ಕೆಲಸವನ್ನು ಹಿಂದಿರುಗಿದ ಮೇಲೆ ಇಟ್ಟುಕೊಳ್ಳುವುದು ಕ್ಷೇಮ. ಟಿಕೆಟ್ಟು, ವೀಸಾ, ವಿಮೆ ಮೂರರಲ್ಲಿಯೂ ಒಂದೇ ಹೆಸರಿರಬೇಕಷ್ಟೆ.

ಶ್ರಾವಣದ ವೇಳೆಗೆ ಅಲ್ಲಿ ಆಗಸ್ಟ್ ಬಂದಿರುತ್ತದೆ. ಆ ತಿಂಗಳ ಹದಿನೈದನೆಯ ತಾರೀಖು, ನಮ್ಮ ಸ್ವಾತಂತ್ರ್ಯ ದಿನದಂದೇ, ಇಟಲಿಯವರಿಗೆ ಫೆರ್ರಾಗೊಸ್ತೊ ಎಂಬ ಹಬ್ಬ. ಅಗಸ್ಟಸ್ ಚಕ್ರವರ್ತಿಯ ಕಾಲದ ವಿಶ್ರಾಂತಿದಿನಗಳಿಂದ ಹುಟ್ಟಿ, ಕ್ರೈಸ್ತರ ಮೇರಿಮಾತೆಯ ಹಬ್ಬದೊಡನೆ ಬೆರೆತುಕೊಂಡಿರುವ ಈ ರಜೆಯ ಆಸುಪಾಸಿನಲ್ಲಿ ಊರಿಗೆ ಊರೇ ಕಡಲ ತೀರಕ್ಕೆ ಗುಳೆ ಹೊರಡುತ್ತದೆ. ಅದರ ಫಲವಾಗಿ ಕರಾವಳಿಯಲ್ಲಿ ಕೋಣೆಯ ಬಾಡಿಗೆ ಶಿಖರಕ್ಕೇರುತ್ತದೆ. ಅಮಾಲ್ಫಿಯ ದಂಡೆಯಲ್ಲಾಗಲಿ ಚಿಂಕ್ವೆ ತೆರ್ರೆಯಲ್ಲಾಗಲಿ ಆಗ ಮಿತವ್ಯಯದ ಮಾತೆತ್ತುವುದು ವ್ಯರ್ಥ. ವ್ಯಾಪಾರ, ವಸ್ತುಪ್ರದರ್ಶನ, ವಿದ್ಯಾಪೀಠಗಳನ್ನು ನೆಚ್ಚಿಕೊಂಡ ಒಳನಾಡಿನ ಬೊಲೋನ್ಯ, ಮಿಲಾನ್, ಟ್ಯೂರಿನ್‌ಗಳಲ್ಲಿಯಾದರೋ ಅದೇ ವಾರಗಳಲ್ಲಿ ಕೋಣೆಗಳು ಖಾಲಿ ಬಿದ್ದು ಬಾಡಿಗೆ ಇಳಿಯುತ್ತದೆ. ಕೆಲವು ಮನೆತನದ ಊಟದಂಗಡಿಗಳ ಬಾಗಿಲಿಗೆ ರಜೆಯ ಚೀಟಿ ತೂಗಾಡುವುದೂ ನಿಜ. ಆದರೆ ನಗರ ಬರಿದಾಗುವುದರಿಂದ ನವದಂಪತಿಗಳಿಗೆ ಆಗುವ ನಷ್ಟವೇನೆಂಬುದು ನನಗೆ ಇಂದಿಗೂ ತಿಳಿದಿಲ್ಲ.

ಹೀಗೆ ಬೊಲೋನ್ಯ ನಮ್ಮ ಬಿಡಾರವಾಯಿತು. ಹಳೆಯ ಪೇಟೆಯ ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದೆವು. ಮನೆಯೊಡತಿ ಬೀಗದ ಕೈ ಕೊಡುವಾಗ ಮೊದಲು ತೋರಿಸಿದುದು ಸ್ನಾನಗೃಹವನ್ನಲ್ಲ, ಕಿಟಕಿಯ ಹೊರಮೈಗೆ ಕೂಡಿಸಿದ್ದ ಹಸುರು ಬಣ್ಣದ ಪಟ್ಟಿಬಾಗಿಲುಗಳನ್ನು: ಬೆಳಗ್ಗೆ ಎಂಟಕ್ಕೆ ಮುಚ್ಚತಕ್ಕದ್ದು, ಸೂರ್ಯಾಸ್ತದ ಮೇಲೆ ತೆರೆಯತಕ್ಕದ್ದು ಎಂದು ಅಭಿನಯ ಮಾಡಿ, ನಾವು ಒಮ್ಮೆ ಮಾಡಿತೋರಿಸುವವರೆಗೆ ಕದಲಲಿಲ್ಲ. ದಪ್ಪ ಗೋಡೆಯ, ಇಟ್ಟಿಗೆ ಹಾಸಿನ ಆ ಕೋಣೆ ಮುಚ್ಚಿದ ಮೇಲೆ ನಮ್ಮ ತೊಟ್ಟಿಮನೆಯ ನಡುಮನೆಯಂತೆ ತಣ್ಣಗಿರುತ್ತಿತ್ತು. ಪಟ್ಟಿಗಳ ಸಂದಿನಿಂದ ಬಂದ ಬೆಳಕು ನೆಲದ ಮೇಲೆ ಗೆರೆಗೆರೆಯಾಗಿ ಬಿದ್ದು, ಊಟವಾದ ಬಳಿಕ ಒಂದು ಗೋಡೆಯಿಂದ ಹೊರಟು ನಿದ್ದೆ ತಿಳಿಯುವಷ್ಟರಲ್ಲಿ ಇನ್ನೊಂದನ್ನು ತಲುಪುತ್ತಿತ್ತು. ಮಧುಚಂದ್ರದ ಹಣದಲ್ಲಿ ಅತಿ ದೊಡ್ಡ ಪಾಲು ಸಲ್ಲಬೇಕಾದುದು ಇಂಥ ಕೋಣೆಗೇ ಹೊರತು ವಸ್ತುಸಂಗ್ರಹಾಲಯಗಳ ಬಾಗಿಲಿಗಲ್ಲ. ಕಾದಿರಿಸುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳತಕ್ಕದ್ದು: ಹವಾನಿಯಂತ್ರಣವು ಬಾಡಿಗೆಯಲ್ಲಿಯೇ ಸೇರಿದೆಯೆ, ಕಿಟಕಿ ಬೀದಿಗೋ ಒಳ ಅಂಗಳಕ್ಕೋ, ಕೋಣೆ ಯಾವ ಅಂತಸ್ತಿನಲ್ಲಿದೆ? ಹೆಂಚಿನ ಕೆಳಗಿನ ಕೊನೆಯ ಅಂತಸ್ತು ಚಿತ್ರದಲ್ಲಿ ಬಹು ರಮಣೀಯವಾಗಿ ಕಾಣುತ್ತದೆ. ಹಗಲಿಡೀ ಕಾದ ಹೆಂಚು ರಾತ್ರಿಯಾದರೂ ಆರುವುದಿಲ್ಲ.

ಬೊಲೋನ್ಯವು ನೆರಳಿಗೆ ಕಾಸು ಕೇಳದ ಊರು. ನಗರದಾದ್ಯಂತ ಒಟ್ಟು 62 ಕಿಲೋಮೀಟರಿನಷ್ಟು ಉದ್ದಕ್ಕೆ, ಮನೆಗಳ ಮೇಲಂತಸ್ತಿನ ಕೆಳಗೇ ಕಂಬಸಾಲಿನ ಕಾಲುದಾರಿಗಳಿವೆ. 2021ರಲ್ಲಿ ಯುನೆಸ್ಕೋ ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇವುಗಳಲ್ಲಿ ಒಂದು 666 ಕಮಾನುಗಳ ಸಾಲಾಗಿ, ಸುಮಾರು ನಾಲ್ಕು ಕಿಲೋಮೀಟರು ಸಾಗಿ, ಗುಡ್ಡದ ಮೇಲಿನ ಸಾನ್ ಲೂಕ ದೇಗುಲವನ್ನು ಮುಟ್ಟುತ್ತದೆ. ಬೆಳಗಿನ ತಂಪಿನಲ್ಲಿ ಅದನ್ನು ಹತ್ತಿದುದಕ್ಕೆ ನಮಗೆ ಆದ ಖರ್ಚು, ಇಳಿದ ಮೇಲೆ ಕಟ್ಟೆಯ ಮುಂದೆ ನಿಂತು ಕುಡಿದ ಕಾಫಿಯದು ಮಾತ್ರ. ನಿಂತು ಕುಡಿದರೆ ಒಂದು ಬೆಲೆ, ಕುಳಿತು ಕುಡಿದರೆ ಮತ್ತೊಂದು ಎಂಬುದು ಅಲ್ಲಿನ ಕಾಫಿಯಂಗಡಿಗಳಲ್ಲಿ ಸರ್ವೇಸಾಮಾನ್ಯ. ಊಟದ ಬಿಲ್ಲಿನಲ್ಲಿ ಕೊಪೆರ್ತೊ ಎಂಬ ತಲಾ ಒಂದಷ್ಟು ಯೂರೋವಿನ ಬಾಬ್ತು ಕಂಡರೆ ಕೆರಳಬೇಕಾದುದಿಲ್ಲ, ಅದು ಮೇಜಿನ ಶುಲ್ಕ. ಅದನ್ನು ತೆತ್ತವರು ಭಕ್ಷೀಸಿನ ಚಿಂತೆಯನ್ನು ಬಿಡಬಹುದು. ಕಟ್ಟುನಿಟ್ಟಾದ ಸಸ್ಯಾಹಾರಿಗಳು ಒಂದನ್ನು ನೆನಪಿಡಬೇಕು: ಆ ಸೀಮೆಯ ಜಗತ್ಪ್ರಸಿದ್ಧವಾದ ಪಾರ್ಮೆಸಾನ್ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ. ಚೀಸೇ ಇಲ್ಲದ ಮರಿನಾರ ಪಿಟ್ಜಾ ನಿರುಪದ್ರವಿ; ಪಟ್ಟಿಯಲ್ಲಿ ಅಗ್ಗದ್ದೂ ಬಹುಮಟ್ಟಿಗೆ ಅದೇ. ಇನ್ನು ರಾತ್ರಿಯ ವಿನೋದವೋ! ಬೇಸಗೆಯಲ್ಲಿ ಆಗಸ್ಟ್ ಮಧ್ಯದವರೆಗೆ ಅಲ್ಲಿನ ಮಾಜ್ಜೋರೆ ಚೌಕದಲ್ಲಿ ಬಯಲು ಸಿನಿಮಾ ನಡೆಯುತ್ತದೆ, ಪ್ರವೇಶ ಉಚಿತ. ಮಾತು ತಿಳಿಯದ ಚಿತ್ರವೊಂದನ್ನು ನಾವು ಚರ್ಚಿನ ಮೆಟ್ಟಿಲ ಮೇಲೆ ಕುಳಿತು ಕೊನೆಯತನಕ ನೋಡಿ, ಕಥೆಯ ವಿಷಯದಲ್ಲಿ ಇಬ್ಬರೂ ಬೇರೆ ಬೇರೆ ನಿರ್ಣಯಕ್ಕೆ ಬಂದೆವು.

ಫ್ಲಾರೆನ್ಸ್ ಅಲ್ಲಿಂದ ವೇಗದ ರೈಲಿನಲ್ಲಿ ನಲವತ್ತು ನಿಮಿಷದೊಳಗಣ ದಾರಿ. ಗುಡ್ಡಗಳ ನಡುವಣ ಬೋಗುಣಿಯಂಥ ತಾಣದಲ್ಲಿ ಶಾಖ ಮಡುಗಟ್ಟಿ ನಿಲ್ಲುವ ಆ ಊರಿನಲ್ಲಿ ಬೇಸಗೆಯ ರಾತ್ರಿಗಳಿಗೆ ಹಣ ತೆರುವುದಕ್ಕಿಂತ ಬೆಳಗಿನ ರೈಲಿಗೆ ಹೋಗಿ ಮಧ್ಯಾಹ್ನಕ್ಕೆ ಮರಳುವುದು ಲೇಸು. ವೇಗದ ರೈಲಿನ ದರ ವಿಮಾನದ ದರದ ಹಾಗೆ ದಿನ ಸಮೀಪಿಸಿದಂತೆಲ್ಲ ಏರುತ್ತದೆ, ಪ್ರಾದೇಶಿಕ ರೈಲಿನ ದರ ಏರುವುದಿಲ್ಲ. ಮೊದಲನೆಯದನ್ನು ವಾರಗಳ ಮುಂಚೆ ಕೊಳ್ಳಬೇಕು, ಎರಡನೆಯದನ್ನು ಅಂದೇ ಕೊಂಡರೂ ಸರಿಯೆ. ರೋಮಿನ ವಿಷಯದಲ್ಲಿ ನನಗೆ ಭಕ್ತಿಯುಂಟು, ಆದರೆ ಅದು ಚಳಿಗಾಲದ ಭಕ್ತಿ. ಬೀದಿಬದಿಯ ನಲ್ಲಿಗಳಲ್ಲಿ ತಣ್ಣನೆಯ ಕುಡಿಯುವ ನೀರನ್ನು ಪುಕ್ಕಟೆಯಾಗಿ ಹರಿಸುವ ಆ ಉದಾರ ನಗರ, ಮೂರು ನಕ್ಷತ್ರದ ಹೋಟೆಲಿನಲ್ಲಿ ತಂಗಿದವರಿಂದ ಮಾತ್ರ ರಾತ್ರಿಗೆ ತಲಾ 6 ಯೂರೋ ವಸತಿಕರವನ್ನು ವಸೂಲು ಮಾಡುತ್ತದೆ. ನಾಲ್ಕು ರಾತ್ರಿಗೆ ಇಬ್ಬರಿಂದ 48. ಈ ಕರ ಕೋಣೆಯನ್ನು ಕಾದಿರಿಸುವಾಗ ತೆತ್ತ ಹಣದಲ್ಲಿ ಬಹುಶಃ ಸೇರಿರುವುದಿಲ್ಲವೆಂಬುದನ್ನೂ, ಬೇರೆ ನಗರಗಳಲ್ಲಿಯೂ ಬೇರೆ ಬೇರೆ ಪ್ರಮಾಣದಲ್ಲಿ ಇದು ಉಂಟೆಂಬುದನ್ನೂ ಲೆಕ್ಕ ಬರೆಯುವವರು ಮರೆಯಬಾರದು.

ವೆನಿಸ್ಸಿಗೆ ಮಾತ್ರ ವಿನಾಯಿತಿ ಕೊಟ್ಟೆವು. ಸೇತುವೆಯಾಚೆಯ ಮೆಸ್ತ್ರೆಯಲ್ಲಿ ಅಗ್ಗದ ಕೋಣೆ ಹಿಡಿದು ಹಗಲಿನಲ್ಲಿ ಹೋಗಿಬರುವ ಉಪಾಯವನ್ನು ಬಹುಮಂದಿ ಬೋಧಿಸುತ್ತಾರೆ; ಹಗಲಿನ ವೆನಿಸ್ ಜಾತ್ರೆ, ಅದು ಊರಾಗುವುದು ದಿನದ ಯಾತ್ರಿಕರು ರೈಲು ಹತ್ತಿದ ಮೇಲೆ. ಆದಕಾರಣ ನೀರಿನ ನಡುವೆಯೇ ಒಂದು ರಾತ್ರಿ ತಂಗಿದರೆ ಸಾಕು, ತಂಗಲೇಬೇಕು. 2024ರಲ್ಲಿ ಜಾರಿಗೆ ಬಂದ ಪ್ರವೇಶಶುಲ್ಕವೂ ಗೊತ್ತುಪಡಿಸಿದ ದಿನಗಳಂದು ಹಗಲಿಗೆ ಬಂದುಹೋಗುವವರಿಗೆ ಅನ್ವಯಿಸುತ್ತದೆಯೇ ವಿನಾ ಮೆಸ್ತ್ರೆಯೂ ಸೇರಿದಂತೆ ನಗರಸಭೆಯ ಎಲ್ಲೆಯೊಳಗೆ ತಂಗುವವರಿಗಲ್ಲ. ಗೊಂಡೊಲ ದೋಣಿಗೆ ನಗರಸಭೆ ಗೊತ್ತುಮಾಡಿದ ದರ ಹಗಲು ಅರ್ಧ ಗಂಟೆಗೆ 90 ಯೂರೋ, ರಾತ್ರಿಯಲ್ಲಿ 110. ಅದು ದೋಣಿಗೆ, ತಲೆಗಲ್ಲ, ಆದುದರಿಂದ ಐವರು ಕೂಡಿದಾಗ ಹಗುರಾಗುವ ಹೊರೆಯನ್ನು ನವದಂಪತಿಗಳು ಇಬ್ಬರೇ ಹೊರಬೇಕು. “ಅಷ್ಟು ದುಡ್ಡಿಗೆ ಊರಲ್ಲಿ ಒಂದು ಒಳ್ಳೆ ಸೀರೆ ಬರುತ್ತೆ ಕಣ್ರೀ” ಎಂದಳು ನನ್ನಾಕೆ. ದೊಡ್ಡ ಕಾಲುವೆಯನ್ನು ಅಡ್ಡಲಾಗಿ ದಾಟಿಸುವ ತ್ರಾಗೆತ್ತೊ ಎಂಬುದೂ ಅದೇ ಜಾತಿಯ ದೋಣಿಯೇ, ತಲೆಗೆ 2 ಯೂರೋ. ಅದರಲ್ಲಿ ಆಚೆಗೆ ಹೋಗಿ, ಅದರಲ್ಲಿಯೇ ಈಚೆಗೆ ಬಂದೆವು. ಉಳಿದ ಹಣ ಸೀರೆಯಾಯಿತು.

ವೆರೋನದಲ್ಲಿ ರೋಮನರ ಕಾಲದ ಅರೀನ ಉಂಟು. 1913ರಿಂದ ಬೇಸಗೆಯಲ್ಲಿ ಅಲ್ಲಿ ಆಪೆರಾ ನಡೆಯುತ್ತ ಬಂದಿದೆ. ಮೇಲಿನ ಕಲ್ಲುಮೆಟ್ಟಿಲಿನ ಟಿಕೆಟ್ಟು ಅಗ್ಗ. ಆಟ ಮುಗಿಯುವಾಗ ನಡುರಾತ್ರಿ ಮೀರಿರುವುದರಿಂದ ಹಿಂದಿರುಗಲು ರೈಲಿನ ಭರವಸೆಯಿಲ್ಲ. ಆಟದ ರಾತ್ರಿಗಳಂದು ಅಲ್ಲಿ ಕೋಣೆ ದುಬಾರಿ. ಅಗ್ಗದ ಟಿಕೆಟ್ಟಿನೊಡನೆ ಕೋಣೆಯ ಬೆಲೆಯನ್ನೂ ಕೂಡಿಸಿ ನೋಡಿದ ಮೇಲೆ ಮನಸ್ಸು ಮಾಡಬೇಕು. ಜೂಲಿಯೆಟ್ಟಳದೆಂದು ತೋರಿಸುವ ಉಪ್ಪರಿಗೆ ಇಪ್ಪತ್ತನೆಯ ಶತಮಾನದಲ್ಲಿ ಜೋಡಿಸಿದುದು. ಕೆಳಗಿನ ಅಂಗಳದಿಂದ ನೋಡಿದರೆ ಸಾಲದೆ?

ಹಣ ತೆರುವ ಬಗೆಯಲ್ಲಿ ಎರಡು ಎಚ್ಚರಿಕೆಗಳು. ಅಂಗಡಿಯ ಕಾರ್ಡು ಯಂತ್ರ ರೂಪಾಯಿಯೋ ಯೂರೋವೋ ಎಂದು ಉಪಚಾರಪೂರ್ವಕವಾಗಿ ಕೇಳಿದಾಗ ಯೂರೋ ಎಂದೇ ಒತ್ತತಕ್ಕದ್ದು. ರೂಪಾಯಿಯ ಆ ಸೌಜನ್ಯದಲ್ಲಿ ವಿನಿಮಯದರ ನಮಗೆ ಪ್ರತಿಕೂಲವಾಗಿರುತ್ತದೆ. ಮತ್ತೆ, ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ನಮ್ಮಲ್ಲಿ ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆಯ ದರ ಬಜೆಟ್ಟುಗಳೊಡನೆ ಬದಲಾಗುತ್ತ ಬಂದಿದೆಯಾದರೂ ಅದು ಕಳೆದುಕೊಂಡ ಹಣವಲ್ಲ: ಯಾರ ಪ್ಯಾನ್ ಸಂಖ್ಯೆಯಲ್ಲಿ ಕೊಂಡಿರುವೆವೋ ಅವರ ಆದಾಯತೆರಿಗೆಗೆ ಅದು ಜಮೆಯಾಗುತ್ತದೆ. ಮಾವನವರು ಹಣ ಕೊಟ್ಟರೂ ಪ್ಯಾಕೇಜು ಯಾರ ಹೆಸರಿನಲ್ಲಿರಬೇಕೆಂಬುದನ್ನು ಮೊದಲೇ ಮಾತಾಡಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಆಷಾಢದ ಕಟ್ಟಿಲ್ಲದವರೂ, ಕಡಲನ್ನು ಬಿಟ್ಟು ಮಧುಚಂದ್ರವನ್ನು ಕಲ್ಪಿಸಲಾರದವರೂ ಜೂನ್‌ನಲ್ಲಿ ತ್ರಿಯೆಸ್ತೆಯನ್ನು ಪರಿಶೀಲಿಸಬಹುದು. ನಡುಚೌಕವೇ ಸಮುದ್ರಕ್ಕೆ ತೆರೆದಿರುವ ಊರದು. ಪಕ್ಕದ ಬಾರ್ಕೊಲದಲ್ಲಿ ಊರವರೇ ಕಡಲಂಚಿನ ಕಾಲುದಾರಿಯ ಮೇಲೆ ಟವೆಲು ಹಾಸಿ ಮಲಗಿ, ಬೇಕೆನಿಸಿದಾಗ ನೀರಿಗೆ ಇಳಿಯುತ್ತಾರೆ. ಬೇರೆ ಕಡಲತೀರಗಳಲ್ಲಿ ಛತ್ರಿಗೂ ಒರಗುಕುರ್ಚಿಗೂ ದಿನವಹಿ ತೆರಬೇಕಾದ ಬಾಡಿಗೆಯನ್ನು ಅಲ್ಲಿ ಕೋಣೆಯ ಬಾಬ್ತಿಗೆ ಸೇರಿಸಿಕೊಂಡರಾಯಿತು.